ನಿತ್ಯದ ದಾರಿಗೊಂದು ತೆರೆದ ಕಾರು

ಮೇಲ್ಛಾವಣಿ ಮಡಚುವ ಸೆಕೆಂಡ್ ಹ್ಯಾಂಡ್ ಕಾರನ್ನು ಕೊಳ್ಳುವವರು ಅದನ್ನು ಮಳೆ ಬರುವ ದಿನವೇ ನೋಡಲು ಹೋಗಬೇಕು. ಬಿಸಿಲಿನ ಭಾನುವಾರ, ಟಾಪ್ ಇಳಿಸಿ, ತೊಳೆದು ಒರೆಸಿ ನಿಲ್ಲಿಸಿದ ಕೆಂಪು ಕಾರಿನ ಮುಂದೆ ನಿಂತರೆ ಯಾರ ಮನಸ್ಸೂ ಹಿಡಿತದಲ್ಲಿರುವುದಿಲ್ಲ. ಅದೇ ಕಾರನ್ನು ಜನವರಿಯ ಒಂದು ಮಂಗಳವಾರ ಸಂಜೆ, ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಊರುಗಳ ಮೇಲೆ ಮಳೆ ಜಿನುಗುತ್ತಿರುವಾಗ ನೋಡಿ. ಟಾಪ್ ಎತ್ತಿ ಕೊಂಡಿ ಹಾಕಿ, ಒಳಗೆ ಕೂತು ಬಾಗಿಲೆಳೆದುಕೊಳ್ಳಿ. ಕಿಟಕಿಯ ಗಾಜು ಮತ್ತು ಬಟ್ಟೆ ಸೇರುವ ಅಂಚಿನಲ್ಲಿ ನೀರು ತೊಟ್ಟಿಕ್ಕುತ್ತಿದೆಯೇ? ಸೀಟಿನ ಹಿಂದಿನ ಕಾರ್ಪೆಟ್ ಒತ್ತಿದರೆ ಬೆರಳು ಒದ್ದೆಯಾಗುತ್ತದೆಯೇ? ಮುಗ್ಗಲು ವಾಸನೆ ಇದೆಯೇ? ಒಳಗಾಜಿಗೆ ಹಬೆ ಕಟ್ಟಿದರೆ ಎಸಿ ಅದನ್ನು ಎಷ್ಟು ಬೇಗ ತೆಗೆಯುತ್ತದೆ? ಈ ಕಾರು ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮನ್ನು ಆಫೀಸಿಗೆ ಒಯ್ದು ತರಬಲ್ಲದೇ ಎನ್ನುವುದು ಅಲ್ಲೇ, ಆ ಹತ್ತು ನಿಮಿಷದಲ್ಲೇ, ಮುಕ್ಕಾಲು ಪಾಲು ತಿಳಿದುಹೋಗುತ್ತದೆ. ಚಳಿಗಾಲದಲ್ಲಿ ಇಂಥ ಕಾರುಗಳಿಗೆ ಗಿರಾಕಿಗಳೂ ಕಡಿಮೆ. ಚೌಕಾಸಿ ಮಾಡಲು ಮಾರುವವರೇ ಸಿದ್ಧರಿರುತ್ತಾರೆ.

ಫ್ರೀಮಾಂಟ್, ಸನ್ನಿವೇಲ್, ಸ್ಯಾನ್ ಹೊಸೆ ಕಡೆಯ ಕನ್ನಡದ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಕಾರು. ಮಕ್ಕಳು, ಅಜ್ಜಿ ತಾತ, ಏರ್‌ಪೋರ್ಟಿನ ಸೂಟ್‌ಕೇಸುಗಳಿಗಾಗಿ ಒಂದು ದೊಡ್ಡದು. ಒಬ್ಬರೇ ಕೂತು ಕೆಲಸಕ್ಕೆ ಹೋಗಿ ಬರಲು ಇನ್ನೊಂದು. ಈ ಎರಡನೆಯ ಕಾರಿನ ಬಗ್ಗೆ ನಾವು ಹೆಚ್ಚು ಯೋಚಿಸುವುದಿಲ್ಲ. ಯಾವುದೋ ಒಂದು ಬೂದು ಬಣ್ಣದ ಸೆಡಾನ್ ತಂದು, ಹತ್ತು ವರ್ಷ ಅದರಲ್ಲಿ 880 ಹೈವೇಯ ಟ್ರಾಫಿಕ್ಕಿನಲ್ಲಿ ಕೂರುತ್ತೇವೆ. ನಾಲ್ಕು ಸೀಟು ಖಾಲಿ, ಐದನೆಯದರಲ್ಲಿ ನಾವು. ಆ ಜಾಗದಲ್ಲಿ ಎರಡೇ ಸೀಟಿನ ಒಂದು ಹಗುರ ತೆರೆದ ಕಾರು ಇರಬಾರದೇಕೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡು, ಉತ್ತರವನ್ನೂ ಕಂಡುಕೊಂಡು ವರ್ಷಗಳಾದವು. ಅಂಥ ಕಾರು ವಾರಾಂತ್ಯದ ಆಟಿಕೆ ಎನ್ನುವುದು ತಪ್ಪು. ಸರಿಯಾಗಿ ಆರಿಸಿದರೆ ಅದು ದಿನವೂ ಓಡಬಲ್ಲದು. ದಿನವೂ ಓಡಿದರೇ ಚೆನ್ನಾಗಿರುತ್ತದೆ. ಆರಿಸುವಾಗಲೂ ದಿನವೂ ಓಡಿದ ಕಾರನ್ನೇ ಆರಿಸಬೇಕು.

ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಮಜ್ದಾ ಮಿಯಾಟ. ಅಮೆರಿಕದ ಹೊರಗೆ ಹೆಚ್ಚಿನ ಕಡೆ ಎಂಎಕ್ಸ್-5 ಎಂದೇ ಅದರ ಹೆಸರು.

ಅದು ಹುಟ್ಟಿದ ಬಗೆಯೇ ಸೊಗಸು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಕಾರು ಪತ್ರಕರ್ತ ಮಜ್ದಾದ ಹಿರಿಯ ಎಂಜಿನಿಯರ್ ಕೆನಿಚಿ ಯಮಮೊಟೊ ಅವರನ್ನು ಭೇಟಿಯಾದರು. ಮುಂದೆ ಎಂಥ ಕಾರು ಮಾಡಬೇಕು ಎಂಬ ಮಾತು ಬಂದಾಗ, ಹಳೆಯ ಬ್ರಿಟಿಷ್ ಕಾರುಗಳಂಥ ಸರಳ, ಹಗುರ, ಅಗ್ಗದ ತೆರೆದ ಕಾರು ಮಾಡಿ ಎಂದರು ಹಾಲ್. ಆಗ ಎಂಜಿ, ಟ್ರಯಂಫ್‌ಗಳ ಕಾಲ ಮುಗಿಯುತ್ತಿತ್ತು. 1962ರಿಂದ ಬರುತ್ತಿದ್ದ ಎಂಜಿಬಿ 1980ರಲ್ಲಿ ನಿಂತೇಹೋಯಿತು. ಆ ಕಾರುಗಳನ್ನು ಜನ ಪ್ರೀತಿಸುತ್ತಿದ್ದರು, ಆದರೆ ನಂಬುತ್ತಿರಲಿಲ್ಲ. ಎಣ್ಣೆ ಸೋರುವುದು, ವೈರಿಂಗ್ ಕೈಕೊಡುವುದು, ಮಳೆ ಬಂದರೆ ಸ್ಟಾರ್ಟ್ ಆಗದಿರುವುದು ಅವುಗಳ ಮಾಮೂಲು. ಹಾಲ್ 1981ರಲ್ಲಿ ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿಯನ್ನೇ ಸೇರಿದರು. ಯಮಮೊಟೊ ಮುಂದೆ ಕಂಪನಿಯ ಅಧ್ಯಕ್ಷರಾದರು. ಕಂಪನಿಯೊಳಗೆ ಜಪಾನಿನ ತಂಡಕ್ಕೂ ಕ್ಯಾಲಿಫೋರ್ನಿಯಾದ ತಂಡಕ್ಕೂ ಸ್ಪರ್ಧೆ ನಡೆಯಿತು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ ಎಂಬ ಹಳೆಯ ಬ್ರಿಟಿಷ್ ಕ್ರಮವನ್ನೇ ಹಿಡಿದ ಕ್ಯಾಲಿಫೋರ್ನಿಯಾದವರು ಗೆದ್ದರು. ಇಂಗ್ಲೆಂಡಿನಲ್ಲಿ ಕಟ್ಟಿಸಿದ ಮಾದರಿಯನ್ನು 1985ರಲ್ಲಿ ಸ್ಯಾಂಟ ಬಾರ್ಬರಾದ ಬೀದಿಗಳಲ್ಲಿ ಓಡಿಸಿದಾಗ ಜನ ಬೆನ್ನಟ್ಟಿ ಬಂದು, ಇದು ಯಾವ ಕಾರು, ಎಲ್ಲಿ ಸಿಗುತ್ತದೆ ಎಂದು ಕೇಳಿದರಂತೆ.

1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೊ ಶೋದಲ್ಲಿ ಅದು ಹೊರಬಂತು. 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ, ಐದು ಗೇರ್, ಒಂದು ಟನ್ನಿಗೂ ಕಡಿಮೆ ತೂಕ, ಬೆಲೆ 13,800 ಡಾಲರ್. ಸಂಖ್ಯೆಗಳಲ್ಲಿ ಇದರಲ್ಲಿ ವಿಶೇಷವೇನೂ ಇಲ್ಲ. ವಿಶೇಷ ಇರುವುದು ಕಣ್ಣಿಗೆ ಕಾಣದ ಕಡೆ. ನಾಲ್ಕೂ ಚಕ್ರಗಳಿಗೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್ ಕೊಟ್ಟರು. ಗೇರ್‌ಬಾಕ್ಸನ್ನೂ ಹಿಂದಿನ ಡಿಫರೆನ್ಷಿಯಲನ್ನೂ ಉದ್ದನೆಯ ಅಲ್ಯುಮಿನಿಯಂ ತೊಲೆಯೊಂದರಿಂದ ಬಿಗಿದರು. ಆಕ್ಸಿಲರೇಟರ್ ಒತ್ತಿದ್ದು ಚಕ್ರಕ್ಕೆ ಮುಟ್ಟುವಾಗ ನಡುವೆ ಸಡಿಲ ಇರಬಾರದೆಂದು. ಸೈಲೆನ್ಸರಿನ ಸದ್ದು ಹೇಗಿರಬೇಕೆಂದು ಒಂದಾದ ಮೇಲೊಂದು ಮಾದರಿ ಮಾಡಿ ಕೇಳಿ ನೋಡಿದರು. ಹಳೆಯ ಇಂಗ್ಲಿಷ್ ಕಾರಿನ ಸಂತೋಷವನ್ನು ಇಟ್ಟುಕೊಂಡು ಅದರ ಎಲ್ಲ ಕಾಟಗಳನ್ನೂ ತೆಗೆದರು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುವ ತೆರೆದ ಕಾರು: ಅವರು ಮಾಡಿದ್ದು ಇಷ್ಟೇ. 2016ರ ಏಪ್ರಿಲ್ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂದು ಗಿನ್ನೆಸ್ ಪುಸ್ತಕ ಅದನ್ನು ಸೇರಿಸಿಕೊಂಡಿದೆ. ಹಾಗಾಗಿಯೇ ಇವತ್ತಿಗೂ ಬಿಡಿಭಾಗಗಳು ಸಿಗುತ್ತವೆ, ಅಗ್ಗವಾಗಿ ಸಿಗುತ್ತವೆ, ರಿಪೇರಿ ಗೊತ್ತಿರುವವರೂ ಎಲ್ಲೆಡೆ ಇದ್ದಾರೆ. ದಿನಬಳಕೆಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವವರಿಗೆ ಅಶ್ವಶಕ್ತಿಗಿಂತ ಇದು ದೊಡ್ಡ ಗುಣ.

ಈವರೆಗೆ ನಾಲ್ಕು ತಲೆಮಾರು ಬಂದಿವೆ. ಓಡಿಸುವವರು ಅವನ್ನು ಎನ್‌ಎ, ಎನ್‌ಬಿ, ಎನ್‌ಸಿ, ಎನ್‌ಡಿ ಎಂದೇ ಕರೆಯುತ್ತಾರೆ.

ಎನ್‌ಎ ಎಂದರೆ ಮೊದಲನೆಯದು, ಕಣ್ಣು ಬಿಟ್ಟಂತೆ ಮೇಲೇಳುವ ಹೆಡ್‌ಲೈಟಿನದು. ಎಲ್ಲರ ಮನಸ್ಸೂ ಮೊದಲು ಹೋಗುವುದು ಇದರ ಮೇಲೆಯೇ. ನನ್ನ ಮನಸ್ಸೂ ಹೋಗಿತ್ತು. ಆದರೆ ಮೂವತ್ತು ವರ್ಷ ದಾಟಿದ ಈ ಕಾರನ್ನು ದಿನವೂ ಹೈವೇಗೆ ಇಳಿಸಬೇಡಿ ಎನ್ನುತ್ತೇನೆ. ಪಕ್ಕದ ಏರ್‌ಬ್ಯಾಗ್ ಇಲ್ಲ, ಎಷ್ಟೋ ಕಾರುಗಳಲ್ಲಿ ಎಬಿಎಸ್ ಇಲ್ಲ, ಸುತ್ತಲಿನ ಎಸ್‌ಯುವಿಗಳ ಬಂಪರ್ ನಿಮ್ಮ ಹೆಗಲ ಎತ್ತರಕ್ಕೆ ಬರುತ್ತದೆ. ತೆಗೆದುಕೊಳ್ಳಲೇಬೇಕೆಂದರೆ 1994ರಿಂದ ಬಂದ 1.8 ಲೀಟರಿನದನ್ನು ನೋಡಿ. 1990 ಮತ್ತು 91ರ ಆರಂಭದ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕಿನ ಮುಂತುದಿ ಗಿಡ್ಡ. ಅಲ್ಲಿ ಪುಲ್ಲಿ ಕೂರುವ ಜಾಗ ಸವೆದು ಅಲುಗಾಡಲು ಶುರುವಾದರೆ ರಿಪೇರಿ ದೊಡ್ಡದು. ಬಾನೆಟ್ ಎತ್ತಿ ಕ್ರ್ಯಾಂಕ್ ಪುಲ್ಲಿಯ ಸೀಳುಗಳನ್ನು ಎಣಿಸಿದರೆ ಗೊತ್ತಾಗುತ್ತದೆ: ನಾಲ್ಕಿದ್ದರೆ ಹಳೆಯ ಗಿಡ್ಡ ಕ್ರ್ಯಾಂಕ್, ಎಂಟಿದ್ದರೆ ಬಲಪಡಿಸಿದ್ದು. ಎನ್‌ಎ ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಟಾಪ್ ಇಳಿಸುವ ಮುನ್ನ ಜಿಪ್ ಬಿಚ್ಚಿ ಅದನ್ನು ಮಲಗಿಸಬೇಕು. ಅವಸರದವರು ಮಡಚಿಯೇ ಇಳಿಸಿದ ಕಾರುಗಳಲ್ಲಿ ಆ ಕಿಟಕಿ ಸುಕ್ಕುಗಟ್ಟಿ ಬಿಳಿಚಿಕೊಂಡಿರುತ್ತದೆ. ಹಿಂದಿನ ಮಾಲೀಕರ ಸ್ವಭಾವವನ್ನು ಅದೇ ಹೇಳಿಬಿಡುತ್ತದೆ.

1999ರ ಮಾದರಿಯಾಗಿ ಬಂದ ಎನ್‌ಬಿ ಅದರದೇ ತಿದ್ದಿದ ರೂಪ. ಹಿಂದಿನ ಕಿಟಕಿ ಗಾಜಿನದಾಯಿತು, ಹೆಡ್‌ಲೈಟ್ ಸ್ಥಿರವಾಯಿತು. ಕಡಿಮೆ ದುಡ್ಡಿನಲ್ಲಿ, ಉಪ್ಪು ಕಾಣದ ಊರಿನ ಕಾರು ಸಿಕ್ಕರೆ ಇದು ಒಳ್ಳೆಯ ಆಯ್ಕೆ. ಈ ಎರಡೂ ತಲೆಮಾರಿಗೆ ಟೈಮಿಂಗ್ ಬೆಲ್ಟ್ ಇದೆ, 60,000 ಮೈಲಿಗೊಮ್ಮೆ ಬದಲಿಸಬೇಕು. ಅದರ ರಸೀದಿ ತೋರಿಸದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ ಹಾಕಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ರೇಡಿಯೇಟರಿನ ಪ್ಲಾಸ್ಟಿಕ್ ಮೇಲ್ತೊಟ್ಟಿ ಕಪ್ಪಾಗಿರಬೇಕು. ಕಂದು ಹಸಿರಿಗೆ ತಿರುಗಿದ್ದರೆ ಅದು ಒಡೆಯುವ ದಿನ ದೂರವಿಲ್ಲ. ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರುವುದು ಮಾಮೂಲು, ಅಗ್ಗದ ಕೆಲಸ, ಅದಕ್ಕೆ ಹೆದರಬೇಕಿಲ್ಲ.

ನಾನು ದಿನಬಳಕೆಗೆ ಹೇಳುವುದು ಮೂರನೆಯದನ್ನು, ಎನ್‌ಸಿಯನ್ನು. 2006ರ ಮಾದರಿಯಿಂದ 2015ರವರೆಗೆ ಬಂದದ್ದು. ನಾಲ್ಕು ತಲೆಮಾರುಗಳಲ್ಲಿ ಜನರ ಪ್ರೀತಿ ಕಡಿಮೆ ಸಿಕ್ಕಿದ್ದು ಇದಕ್ಕೇ. ದಪ್ಪಗಾಯಿತು, ಮುಖ ಚೆನ್ನಾಗಿಲ್ಲ, ಸ್ಟೀರಿಂಗ್ ಮೊದಲಿನಷ್ಟು ಚುರುಕಿಲ್ಲ ಎಂದರು. ನಿಜಕ್ಕೂ ಅದರ ತೂಕ 1,100 ಕಿಲೋ ಆಸುಪಾಸು. ಇವತ್ತಿನ ಸಾಮಾನ್ಯ ಸೆಡಾನಿಗಿಂತ ಎಷ್ಟೋ ಕಡಿಮೆ. ಅದರ ಮುಖ್ಯ ಎಂಜಿನಿಯರ್ ತಕಾವೊ ಕಿಜಿಮಾ ಮತ್ತು ಅವರ ತಂಡ ಗ್ರಾಂ ಲೆಕ್ಕದಲ್ಲಿ ತೂಕ ಇಳಿಸಿದ್ದರು. ಒಳಗಿನ ಕನ್ನಡಿ ಒಂದರಲ್ಲೇ 84 ಗ್ರಾಂ ಉಳಿಸಿದ್ದರು. ಒಳಗೆ ಮೊಣಕಾಲಿಗೆ, ಹೆಗಲಿಗೆ ಹಿಂದಿನವಕ್ಕಿಂತ ಹೆಚ್ಚು ಜಾಗ. ಬಾಡಿ ಗಟ್ಟಿ, ಪಕ್ಕದ ಏರ್‌ಬ್ಯಾಗ್ ಉಂಟು, ಟೈಮಿಂಗ್ ಬೆಲ್ಟಿನ ಬದಲು ಚೈನ್, 2 ಲೀಟರ್ ಎಂಜಿನ್. ಡಿಕ್ಕಿ 150 ಲೀಟರ್. ನಾಲ್ಕರಲ್ಲಿ ದೊಡ್ಡದು ಇದೇ. ಪ್ರೀತಿ ಕಡಿಮೆ ಇರುವುದರಿಂದ ಬೆಲೆಯೂ ಕಡಿಮೆ. ಕೊಳ್ಳುವವರಿಗೆ ಇದಕ್ಕಿಂತ ಇನ್ನೇನು ಬೇಕು?

ಅದರಲ್ಲೂ 2009ರಲ್ಲಿ ಸುಧಾರಿಸಿದ ನಂತರದ ಕಾರುಗಳನ್ನು ನೋಡಿ. ಆ ವರ್ಷ ಎಂಜಿನ್ನಿಗೆ ಫೋರ್ಜ್ಡ್ ಕ್ರ್ಯಾಂಕ್ ಬಂತು, ಗೇರ್ ಹಾಕುವ ಬಿಗಿತ ಕಡಿಮೆಯಾಯಿತು. 2012ರ ಮಾದರಿಯಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯ. ಹಿಂದಿನ ಚಕ್ರಕ್ಕೆ ಎಳೆತವಿರುವ ಹಗುರ ಕಾರನ್ನು ಮಳೆಯಲ್ಲಿ ದಿನವೂ ಓಡಿಸುವವರಿಗೆ ಅದು ಬೇಕೇ ಬೇಕು. ಆದ್ದರಿಂದ 2012ರಿಂದ 15ರವರೆಗಿನ ಎನ್‌ಸಿಯನ್ನು ನಾನು ಎಲ್ಲಕ್ಕಿಂತ ಮುಂದಿಡುತ್ತೇನೆ.

ಎನ್‌ಸಿಯಲ್ಲಿ ಇನ್ನೊಂದು ಅನುಕೂಲವಿದೆ. 2007ರ ಮಾದರಿಯಿಂದ ಬಟ್ಟೆಯ ಟಾಪಿನ ಜೊತೆಗೆ, ಗುಂಡಿ ಒತ್ತಿದರೆ ಸುಮಾರು 12 ಸೆಕೆಂಡಿನಲ್ಲಿ ಮಡಚಿ ಹಿಂದೆ ಕೂರುವ ಗಟ್ಟಿ ಟಾಪೂ ಬಂತು. ಇದು ಡಿಕ್ಕಿಯ ಜಾಗವನ್ನು ಕಬಳಿಸುವುದಿಲ್ಲ ಎನ್ನುವುದು ದೊಡ್ಡ ಮಾತು. ಬೇರೆ ಕಂಪನಿಗಳ ಇಂಥ ಎಷ್ಟೋ ಕಾರುಗಳಲ್ಲಿ ಟಾಪ್ ಇಳಿಸಿದರೆ ಒಂದು ಬ್ಯಾಗೂ ಹಿಡಿಸುವುದಿಲ್ಲ. ಕಾರನ್ನು ಬೀದಿಯಲ್ಲಿ ನಿಲ್ಲಿಸುವವರಿಗೆ ಗಟ್ಟಿ ಟಾಪ್ ಒಳ್ಳೆಯದು. ಬಟ್ಟೆಯ ಟಾಪನ್ನು ಕಳ್ಳರು ಬ್ಲೇಡಿನಿಂದ ಸೀಳುತ್ತಾರೆ, ಒಳಗೆ ಹಳೆಯ ಚಾರ್ಜರ್ ವೈರ್ ಕಂಡರೂ ಸಾಕು. ಟಾಪು ಹೊಸದಾಗಿ ಹಾಕಿಸಲು ಕೂಲಿಯೂ ಸೇರಿ ಸಾವಿರ ಡಾಲರ್ ದಾಟುತ್ತದೆ. ಹಾಗಾಗಿ ಬಟ್ಟೆ ಟಾಪಿನವರು ಒಳಗೆ ಏನನ್ನೂ ಬಿಡದೆ, ಬಾಗಿಲಿಗೆ ಬೀಗವನ್ನೇ ಹಾಕದೆ ನಿಲ್ಲಿಸುವುದುಂಟು. ಇಷ್ಟಾದರೂ ಮನೆಗೆ ಗ್ಯಾರೇಜ್ ಇರುವವರಿಗೆ ಬಟ್ಟೆಯದೇ ಇರಲಿ ಎನ್ನುತ್ತೇನೆ. ಸಿಗ್ನಲ್ಲಿನಲ್ಲಿ ಕೂತಲ್ಲಿಂದಲೇ ಒಂದು ಕೈಯಲ್ಲಿ ಕೊಂಡಿ ಬಿಚ್ಚಿ ಹಿಂದಕ್ಕೆ ಎಸೆಯಬಹುದು. ಮೋಟರಿಲ್ಲ, ಸೆನ್ಸರಿಲ್ಲ, ಕೆಡುವಂಥದ್ದು ಏನೂ ಇಲ್ಲ.

ಕೈಯಲ್ಲಿ ಹೆಚ್ಚು ದುಡ್ಡಿರುವವರಿಗೆ ನಾಲ್ಕನೆಯದು, 2016ರಿಂದ ಬಂದ ಎನ್‌ಡಿ. ಮತ್ತೆ ಹಗುರವಾದ, ನಾಲ್ಕರಲ್ಲೂ ಓಡಿಸಲು ಅತ್ಯಂತ ಚಂದದ ಕಾರು ಇದು. ಗ್ಯಾಲನ್ನಿಗೆ 29 ಮೈಲಿ, ಅಂದರೆ ಲೀಟರಿಗೆ 12 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಕೊಡುತ್ತದೆ. ಮೊದಲ ವರ್ಷಗಳ ಮ್ಯಾನುಯಲ್ ಗೇರ್‌ಬಾಕ್ಸ್‌ಗಳು ಕೆಲವು ಒಳಗೇ ಮುರಿದ ದೂರುಗಳಿವೆ, ಕಂಪನಿ ಅದನ್ನು ಮುಂದೆ ಬಲಪಡಿಸಿತು. 2019ರ ಮಾದರಿಯಿಂದ ಎಂಜಿನ್ 155ರಿಂದ 181 ಅಶ್ವಶಕ್ತಿಗೆ ಏರಿತು, 7,500 ಆರ್‌ಪಿಎಂವರೆಗೂ ಉತ್ಸಾಹದಿಂದ ತಿರುಗುತ್ತದೆ, ಸ್ಟೀರಿಂಗನ್ನು ಹತ್ತಿರ ಎಳೆದುಕೊಳ್ಳಲೂ ಬರುತ್ತದೆ, ಹಿಂಬದಿಯ ಕ್ಯಾಮೆರಾ ಇರುತ್ತದೆ. ಆದ್ದರಿಂದ ಎನ್‌ಡಿಯಲ್ಲಿ 2019ಕ್ಕಿಂತ ಹಿಂದೆ ಹೋಗದಿರುವುದು ಮೇಲು. ಆರು ಅಡಿ ದಾಟಿದವರು ಮಾತ್ರ ದುಡ್ಡು ಕೊಡುವ ಮುನ್ನ ಟಾಪ್ ಮುಚ್ಚಿ ಅರ್ಧ ಗಂಟೆ ಓಡಿಸಿ ನೋಡಬೇಕು.

ಇನ್ನು, ಮೇಲೆ ಹೇಳಿದ ಆ ಮಾತು: ಓಡಿದ ಕಾರು. ಮಾರಾಟದ ಜಾಹೀರಾತುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಕೇಳುವುದು ಕಡಿಮೆ ಓಡಿದ ಕಾರಿಗೆ. ಹದಿನೈದು ವರ್ಷದಲ್ಲಿ 20,000 ಮೈಲಿ, ಯಾವಾಗಲೂ ಗ್ಯಾರೇಜಿನಲ್ಲೇ, ಬಿಸಿಲಿನಲ್ಲಿ ಮಾತ್ರ ತೆಗೆದದ್ದು ಎಂದು ಬರೆದಿರುತ್ತಾರೆ. ಕೇಳಲು ಚಂದ. ಆದರೆ ಬೀಗ ಹಾಕಿದ ಮನೆ ಸಂಸಾರ ಇರುವ ಮನೆಗಿಂತ ಬೇಗ ಹಾಳಾಗುವ ಹಾಗೆ, ನಿಂತ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ರಬ್ಬರಿನ ಸೀಲುಗಳು ಎಣ್ಣೆಯಲ್ಲಿ ನೆನೆಯದೆ ಗಟ್ಟಿಯಾಗುತ್ತವೆ. ಬ್ರೇಕಿನ ಎಣ್ಣೆ ಗಾಳಿಯ ತೇವ ಹೀರುತ್ತದೆ. ಹಿಂದಿನ ಕ್ಯಾಲಿಪರ್‌ಗಳು ಹಿಡಿದುಕೊಳ್ಳುತ್ತವೆ. ಮೂರು ವಾರ ನಿಂತರೆ ಬ್ಯಾಟರಿ ಸೋಲುತ್ತದೆ. ಟ್ಯಾಂಕಿನ ಪೆಟ್ರೋಲ್ ಹಳಸುತ್ತದೆ. ಟೈರಿನ ಕಚ್ಚುಗಳು ಹೊಸದರಂತೆ ಆಳವಾಗಿದ್ದರೂ ರಬ್ಬರ್ ಕಲ್ಲಾಗಿರುತ್ತದೆ. ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ ಗುರುತಿನ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: ಮೊದಲೆರಡು ವಾರ, ನಂತರದೆರಡು ವರ್ಷ. 2314 ಎಂದಿದ್ದರೆ 2014ರ 23ನೆಯ ವಾರದ್ದು. ಅಂಥ ಟೈರಿನಲ್ಲಿ ಮಳೆಯ ದಿನ ಹಿಂದಿನ ಚಕ್ರಕ್ಕೆ ಎಳೆತವಿರುವ ಕಾರನ್ನು ಓಡಿಸುವುದು ಅಪಾಯ.

ಅದೇ ವಯಸ್ಸಿನ, 90,000 ಮೈಲಿ ಓಡಿದ, ಒಬ್ಬ ನರ್ಸ್ ಅಥವಾ ಶಾಲೆಯ ಮೇಷ್ಟ್ರು ದಿನವೂ ಕೆಲಸಕ್ಕೆ ಓಡಿಸಿ, ವರ್ಷಕ್ಕೆರಡು ಬಾರಿ ಆಯಿಲ್ ಬದಲಿಸಿ, ರಸೀದಿಗಳನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟ ಕಾರು ಪಕ್ಕದಲ್ಲಿದ್ದರೆ, ಅದನ್ನೇ ತೆಗೆದುಕೊಳ್ಳಿ. ಬಂಪರಿನ ಮೇಲೆ ಕಲ್ಲಿನ ಚುಕ್ಕೆಗಳು, ಸೀಟಿನ ಬದಿ ಸ್ವಲ್ಪ ಸವೆದಿದೆ, ಟಾಪಿನ ಬಣ್ಣ ಮಾಸಿದೆ. ಇರಲಿ. ಆ ಕಾರು ಮಳೆ, ಟ್ರಾಫಿಕ್ಕು, ಸೆಕೆ ಎಲ್ಲವನ್ನೂ ಕಂಡು ಬೆಳಿಗ್ಗೆ ಏಳಕ್ಕೆ ಸ್ಟಾರ್ಟ್ ಆಗುವ ಅಭ್ಯಾಸವಿರುವ ಕಾರು. ಮೊದಲ ಗೀಚಿಗೆ ಎದೆ ಹಿಡಿದುಕೊಳ್ಳುವ ಭಯವೂ ನಿಮಗಿರುವುದಿಲ್ಲ, ಕಾಸ್ಟ್‌ಕೊ ಪಾರ್ಕಿಂಗಿನಲ್ಲಿ ನಿಶ್ಚಿಂತೆಯಿಂದ ನಿಲ್ಲಿಸಿ ಹೋಗಬಹುದು.

ನೋಡಲು ಹೋದಾಗ ಎಲ್ಲಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಸೀಟಿನ ಹಿಂಭಾಗ. ಟಾಪಿನ ಮೇಲೆ ಬಿದ್ದ ಮಳೆನೀರು ಹಿಂದಕ್ಕೆ ಹರಿದು, ಬಟ್ಟೆಯ ಬುಡದಲ್ಲಿರುವ ಕಾಲುವೆಯಂಥ ಪಟ್ಟಿಗೆ ಸೇರಿ, ಎರಡೂ ಪಕ್ಕದ ಕೊಳವೆಗಳ ಮೂಲಕ ಹಿಂದಿನ ಚಕ್ರದ ಸ್ವಲ್ಪ ಮುಂದೆ ನೆಲಕ್ಕೆ ಬೀಳಬೇಕು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಎಲೆ, ಹೂವಿನ ಪುಡಿ, ಮಣ್ಣು ಸೇರಿ ಆ ಕೊಳವೆ ಕಟ್ಟಿಕೊಳ್ಳುತ್ತದೆ. ಆಮೇಲೆ ನೀರಿಗೆ ಹೋಗಲು ಎರಡೇ ದಾರಿ. ಒಂದೋ ಒಳಗಿನ ಕಾರ್ಪೆಟ್ಟಿಗೆ, ಇಲ್ಲವೇ ಬಾಗಿಲ ಕೆಳಗಿನ ಟೊಳ್ಳು ಹೊಸ್ತಿಲಿಗೆ. ಎರಡನೆಯದು ವರ್ಷಗಟ್ಟಲೆ ಯಾರಿಗೂ ಕಾಣುವುದಿಲ್ಲ. ಲೋಹ ಒಳಗಿನಿಂದ ತುಕ್ಕು ಹಿಡಿದು, ಹಿಂದಿನ ಚಕ್ರದ ಮುಂದಿನ ಮೂಲೆಯಲ್ಲಿ ಬಣ್ಣ ಗುಳ್ಳೆಯೆದ್ದಾಗಲೇ ಗೊತ್ತಾಗುವುದು. ತೆರೆದ ಕಾರಿಗೆ ಮೇಲೆ ಉಕ್ಕಿನ ಚಾವಣಿ ಇಲ್ಲದ್ದರಿಂದ ಬಾಡಿಯ ಬಿಗಿಯೆಲ್ಲ ನೆಲ ಮತ್ತು ಈ ಹೊಸ್ತಿಲುಗಳ ಮೇಲೇ ನಿಂತಿರುತ್ತದೆ. ಅವು ಕೊಳೆತ ಕಾರಿನಲ್ಲಿ ಬೇರೆ ಏನು ಚೆನ್ನಾಗಿದ್ದರೂ ಬೇಡ.

ಮಾಲೀಕರ ಅನುಮತಿ ಕೇಳಿ, ಒಂದು ಲೋಟ ನೀರನ್ನು ಟಾಪಿನ ಹಿಂಭಾಗದಲ್ಲಿ ಒಂದು ಪಕ್ಕಕ್ಕೆ ನಿಧಾನವಾಗಿ ಸುರಿಯಿರಿ. ಕೆಳಗೆ ಬಗ್ಗಿ ನೋಡಿ. ಕೂಡಲೇ ಧಾರೆಯಾಗಿ ಬಿದ್ದರೆ ಕೊಳವೆ ತೆರೆದಿದೆ. ಇನ್ನೊಂದು ಪಕ್ಕಕ್ಕೂ ಹಾಗೇ ಮಾಡಿ. ಗಟ್ಟಿ ಟಾಪಿನ ಕಾರಿಗೂ ಇದೇ ಪರೀಕ್ಷೆ ಬೇಕು, ಅದಕ್ಕೂ ಕೊಳವೆಗಳಿವೆ. ಆಮೇಲೆ ಹೊಸ್ತಿಲಿನ ಹಿಂತುದಿಯನ್ನು ಹೆಬ್ಬೆರಳಿನಿಂದ ಒತ್ತಿ, ಒಂದು ಅಯಸ್ಕಾಂತ ಹಿಡಿದು ನೋಡಿ. ಅಂಟದಿದ್ದರೆ ಬಣ್ಣದಡಿ ಪುಟ್ಟಿ ಮೆತ್ತಿದ್ದಾರೆ. ಕ್ಯಾಲಿಫೋರ್ನಿಯಾದಲ್ಲೇ ಬದುಕಿದ ಕಾರುಗಳಲ್ಲಿ ಈ ಭಯ ಕಡಿಮೆ. ಮಿಶಿಗನ್, ಒಹಾಯೊ, ನ್ಯೂಯಾರ್ಕ್ ಕಡೆ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿಂದ ಬಂದ ಕಾರನ್ನು ಲಿಫ್ಟಿನ ಮೇಲೆ ಎತ್ತಿಸಿ ಕೆಳಭಾಗ ನೋಡದೆ ಮುಂಗಡ ಕೊಡಬಾರದು. ಎನ್‌ಬಿಯ ಮುಂಭಾಗದ ಚಾಸಿಯ ತೊಲೆಗಳು ಹೀಗೆ ಒಳಗೊಳಗೇ ಕರಗಿಹೋಗಿರುವುದುಂಟು. ಕೆಳಗೆ ಹೋದಾಗ ಜಾಕಿಯನ್ನು ತಪ್ಪು ಜಾಗಕ್ಕೆ ಕೊಟ್ಟು ನಜ್ಜುಗುಜ್ಜಾದ ಭಾಗಗಳೂ ಕಾಣಸಿಗುತ್ತವೆ. ಎನ್‌ಸಿಯಲ್ಲಿ ಬಾನೆಟ್ ಎತ್ತಿ ಕೂಲೆಂಟಿನ ಪ್ಲಾಸ್ಟಿಕ್ ಡಬ್ಬಿಯನ್ನು ನೋಡಿ. ವಯಸ್ಸಾದಂತೆ ಅದು ಬಿರಿಯುತ್ತದೆ, ಗಮನಿಸದೆ ಓಡಿಸಿದರೆ ಎಂಜಿನ್ ಕಾಯುತ್ತದೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟವನ್ನೂ ನೋಡಿ. ಮಟ್ಟ ತಳ ಮುಟ್ಟಿದ್ದರೆ ಮಾಲೀಕರು ಉಳಿದದ್ದನ್ನೂ ಹಾಗೆಯೇ ನೋಡಿಕೊಂಡಿದ್ದಾರೆ.

ಈ ಕಾರುಗಳನ್ನು ರೇಸ್ ಟ್ರ್ಯಾಕಿಗೆ ಒಯ್ಯುವವರು ತುಂಬ. ನೆಲದಲ್ಲಿ ರೋಲ್‌ಬಾರ್ ಕಿತ್ತ ತೂತುಗಳು, ಅಂಗಡಿಯಿಂದ ತಂದ ಗಿಡ್ಡ ಸ್ಪ್ರಿಂಗುಗಳು, ದೊಡ್ಡ ಸದ್ದಿನ ಸೈಲೆನ್ಸರ್ ಕಂಡರೆ ನಿತ್ಯದ ಬಳಕೆಗೆ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ತೊಡಕಿದೆ. ಎಂಜಿನ್ನಿಗೆ ಸಂಬಂಧಿಸಿದ ಬದಲಿ ಭಾಗಕ್ಕೆ ರಾಜ್ಯದ ಒಪ್ಪಿಗೆಯ ಸಂಖ್ಯೆ ಇಲ್ಲದಿದ್ದರೆ ಸ್ಮಾಗ್ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ನಾಲ್ಕು ವರ್ಷ ಮೀರಿದ ಕಾರು ಕೈ ಬದಲಿಸುವಾಗ, 90 ದಿನದೊಳಗಿನ ಸ್ಮಾಗ್ ಸರ್ಟಿಫಿಕೇಟ್ ಕೊಡುವ ಹೊಣೆ ಮಾರುವವರದು. ನೀವೇ ಮಾಡಿಸಿಕೊಳ್ಳಿ, ನೂರು ಡಾಲರ್ ಬಿಡುತ್ತೇನೆ ಎಂದವರ ಹತ್ತಿರ ಮಾತು ಮುಂದುವರಿಸಬೇಡಿ. ಟೈಟಲ್ ಪತ್ರದಲ್ಲಿ ಸಾಲ್ವೇಜ್ ಎಂಬ ಗುರುತಿದ್ದರೂ ಅಷ್ಟೇ: ಅದು ದೊಡ್ಡ ಹಾನಿಯಾಗಿ ಇನ್ಶೂರೆನ್ಸ್‌ನವರು ಕೈಬಿಟ್ಟ ಕಾರು. ಮನಸ್ಸಿಗೆ ಬಂದ ಕಾರನ್ನು, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಹತ್ತಿರ ಒಂದು ಗಂಟೆ ತೋರಿಸಿ. ಅದಕ್ಕೆ ಖರ್ಚಾಗುವ 200 ಡಾಲರ್ ಆಸುಪಾಸಿನ ದುಡ್ಡು ಎಷ್ಟೋ ಸಾವಿರ ಉಳಿಸುತ್ತದೆ.

ಬೇರೆ ಕಾರುಗಳನ್ನೂ ನೋಡದೆ ಇರಲಾಗುವುದಿಲ್ಲ. ಹೋಂಡಾ ಎಸ್2000 ಅದ್ಭುತ ಯಂತ್ರ, ಮೊದಲ 2 ಲೀಟರ್ ಎಂಜಿನ್ 9,000 ಆರ್‌ಪಿಎಂವರೆಗೆ ತಿರುಗುತ್ತಿತ್ತು. ಆದರೆ 2009ರಲ್ಲಿ ನಿಂತ ಮೇಲೆ ಅದರ ಬೆಲೆ ಏರುತ್ತಲೇ ಇದೆ, ಕಳ್ಳರಿಗೂ ಅದರ ಮೇಲೆ ಕಣ್ಣು. ಪೋರ್ಶೆ ಬಾಕ್‌ಸ್ಟರ್ ಅಗ್ಗಕ್ಕೆ ಸಿಕ್ಕಿತೆಂದು ಹಿಗ್ಗುವವರು ನಿಲ್ಲಿ: ಮೊದಲ ತಲೆಮಾರಿನ ಎಂಜಿನ್ನಿನ ಒಳಗಿನ ಒಂದು ಬೇರಿಂಗ್ ಹೋದರೆ ಎಂಜಿನ್ನೇ ಹೋಗುತ್ತದೆ. ಹಿಂದೊಂದು ಮುಂದೊಂದು ಎರಡು ಡಿಕ್ಕಿಗಳಿರುವ ಕಾರು ಅದು, ದಿನಬಳಕೆಗೆ ಹೇಳಿಮಾಡಿಸಿದಂತಿದೆ. ಬೇರಿಂಗ್ ಬದಲಿಸಿದ ದಾಖಲೆ ಇದ್ದರೆ ಮಾತ್ರ ಯೋಚಿಸಬಹುದು. ಬಿಎಂಡಬ್ಲ್ಯು ಝಡ್3 ಆದರೆ ಡಿಕ್ಕಿಯ ಮ್ಯಾಟ್ ಎತ್ತಿ ನೆಲದ ಬೆಸುಗೆ ಹರಿದಿದೆಯೇ ನೋಡಬೇಕು. ಟೊಯೊಟಾ ಎಂಆರ್2 ಸ್ಪೈಡರಿನಲ್ಲಿ ಡಿಕ್ಕಿಯೇ ಇಲ್ಲ ಎನ್ನಬಹುದು. ಫಿಯಟ್ 124 ಸ್ಪೈಡರ್ ಮಾತ್ರ ಮಿಯಾಟದ ಒಡಹುಟ್ಟು: ಹಿರೋಶಿಮಾದಲ್ಲಿ ಅದೇ ಕಾರ್ಖಾನೆಯಲ್ಲಿ, ಎನ್‌ಡಿಯ ಮೈಕಟ್ಟಿನ ಮೇಲೆ, 1.4 ಟರ್ಬೊ ಎಂಜಿನ್ ಕೂರಿಸಿ ಮಾಡಿದ್ದು. ಹೈವೇಯಲ್ಲಿ ಅದು ಇನ್ನೂ ಮೆತ್ತಗೆ. ಒಳ್ಳೆಯದು ಸಿಕ್ಕರೆ ಬಿಡಬೇಡಿ.

ಗೇರ್ ಯಾವುದಿರಲಿ ಎನ್ನುವವರಿಗೆ ನನ್ನ ಉತ್ತರ ಮ್ಯಾನುಯಲ್. ಟ್ರಾಫಿಕ್ಕಿನಲ್ಲಿ ಕಾಲು ನೋಯುವುದಿಲ್ಲವೇ ಎಂದು ಅಮೆರಿಕದಲ್ಲಿ ಬೆಳೆದವರು ಕೇಳುತ್ತಾರೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಾರುತಿ 800ರ ಕ್ಲಚ್ ಒತ್ತಿ ಡ್ರೈವಿಂಗ್ ಕಲಿತ ನಮಗೆ ಇದರ ಕ್ಲಚ್ ಏನೂ ಅಲ್ಲ, ಅಷ್ಟು ಹಗುರ. ಗೇರ್ ಲಿವರ್ ಅಂಗೈ ಅಗಲದಷ್ಟೇ ಚಲಿಸುತ್ತದೆ, ಪ್ರತಿ ಸಲ ಕಟಕ್ಕೆಂದು ಕೂರುತ್ತದೆ. ಈ ಕಾರಿನ ಅರ್ಧ ಸಂತೋಷ ಆ ಎಡಗಾಲು ಬಲಗೈಗಳಲ್ಲಿದೆ, ಅದೂ ಗಂಟೆಗೆ 30 ಮೈಲಿ ವೇಗದಲ್ಲೇ. ದೊಡ್ಡ ಶಕ್ತಿಯ ಕಾರುಗಳು ಕಾನೂನಿನ ವೇಗದೊಳಗೆ ಬರೀ ಆಕಳಿಸುತ್ತಿರುತ್ತವೆ. ಹಗುರ ಕಾರು ಆಫೀಸಿನ ಹತ್ತಿರದ ತಿರುವಿನಲ್ಲೂ ಮಾತಾಡುತ್ತದೆ. ದಿನಬಳಕೆಗೆ ಚಿಕ್ಕ ಎಂಜಿನ್ನೇ ಲೇಸೆಂದು ನಾನು ನಂಬುವುದು ಇದಕ್ಕೇ.

ಕೊರತೆಗಳನ್ನು ಮುಚ್ಚಿಡಬಾರದು. ಮಂಡ್ಯದಿಂದ ಬಂದ ನನ್ನ ತಾಯಿ ಕಾರನ್ನು ಒಂದು ಸುತ್ತು ಸುತ್ತಿ ನೋಡಿ, "ಎರಡೇ ಸೀಟಾ? ಮತ್ತೆ ನಿಮ್ಮಪ್ಪ ಎಲ್ ಕೂತ್ಕೋತಾರೋ?" ಎಂದರು. ಸರಿಯಾದ ಪ್ರಶ್ನೆ. ಮನೆಯಲ್ಲಿ ಇನ್ನೊಂದು ದೊಡ್ಡ ಕಾರು ಇಲ್ಲದವರು ಇದನ್ನು ಕೊಳ್ಳಲೇಬಾರದು. ಎಳೆಗೂಸಿನ ಹಿಮ್ಮುಖ ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಎಂದೂ ಕಟ್ಟುವಂತಿಲ್ಲ, ಇಲ್ಲಿ ಹಿಂದಿನ ಸೀಟೇ ಇಲ್ಲ. ಡಿಕ್ಕಿಯಲ್ಲಿ 20 ಪೌಂಡಿನ ಸೋನಾ ಮಸೂರಿ ಚೀಲ, ವಾರದ ತರಕಾರಿ, ಲ್ಯಾಪ್‌ಟಾಪ್ ಬ್ಯಾಗು ಹಿಡಿಸುತ್ತವೆ. ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ. ಟಾಪ್ ಇಳಿಸಿ ಹೈವೇಯಲ್ಲಿ 65 ಮೈಲಿ ವೇಗದಲ್ಲಿ ಹೋದರೆ ಗಾಳಿಯ ಸದ್ದು ಕಿವಿಗೆ ಹೆಚ್ಚೇ. ಪಕ್ಕದ ಗಾಜು ಏರಿಸಿಕೊಳ್ಳಿ, ದೂರದ ದಾರಿಯಾದರೆ ಟಾಪನ್ನೇ ಹಾಕಿಕೊಳ್ಳಿ. ಜುಲೈ ಮಧ್ಯಾಹ್ನ ಟಾಪ್ ತೆಗೆಯುವ ಸಮಯವಲ್ಲ, ಟೋಪಿ ಮತ್ತು ಸನ್‌ಸ್ಕ್ರೀನ್ ಇಲ್ಲದಿದ್ದರೆ ಹಣೆ ಸುಡುತ್ತದೆ. ತೆರೆದ ಕಾರಿಗೆ ಹೇಳಿದ ಹೊತ್ತು ಬೆಳಗಿನ ಏಳೂವರೆ ಮತ್ತು ಸಂಜೆಯ ಆರು. ಅದು ಆಫೀಸಿನ ಹೊತ್ತೇ ಆಗಿರುವುದು ನಮ್ಮ ಪುಣ್ಯ. ಸಂಜೆ ಮನಸ್ಸಾದರೆ ಪೇಜ್ ಮಿಲ್ ರಸ್ತೆ ಹಿಡಿದು ಸ್ಕೈಲೈನ್ ಏರಬಹುದು. ರೆಡ್‌ವುಡ್ ಮರಗಳ ಕೆಳಗೆ ಬಂದ ಕೂಡಲೇ ಗಾಳಿ ತಣ್ಣಗಾಗುವುದು, ಒದ್ದೆ ತೊಗಟೆಯ ವಾಸನೆ ಬರುವುದು ಮುಚ್ಚಿದ ಕಾರಿನವರಿಗೆ ತಿಳಿಯುವುದೇ ಇಲ್ಲ.

ಊರಿಗೆ ಮರಳುವ ಯೋಚನೆ ಇರುವವರು ಒಂದನ್ನು ತಿಳಿದಿರಬೇಕು: ಈ ಕಾರನ್ನು ಜೊತೆಗೆ ಒಯ್ಯಲಾಗದು. ಬಳಸಿದ ಕಾರನ್ನು ಭಾರತಕ್ಕೆ ತರಬೇಕಾದರೆ ಸ್ಟೀರಿಂಗ್ ಬಲಗಡೆ ಇರಬೇಕು, ಕಾರು ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು. ಅಮೆರಿಕದ ಮಿಯಾಟಕ್ಕೆ ಮೊದಲನೆಯದರಲ್ಲೇ ಬಾಗಿಲು ಮುಚ್ಚುತ್ತದೆ. ಮಜ್ದಾ ಭಾರತದಲ್ಲಿ ಈ ಕಾರನ್ನು ಮಾರಿಲ್ಲ. ಹಾಗೆಂದು ಇಂಥ ಆಸೆ ನಮ್ಮಲ್ಲಿ ಇರಲೇ ಇಲ್ಲ ಎಂದಲ್ಲ. ಬೆಂಗಳೂರಿನ ಸ್ಯಾನ್ ಮೋಟರ್ಸ್ ಫೈಬರ್ ಬಾಡಿಯ, 1.2 ಲೀಟರ್ ರೆನೋ ಎಂಜಿನ್ನಿನ, ಎರಡೇ ಸೀಟಿನ ತೆರೆದ ಕಾರನ್ನು ಸ್ಟಾರ್ಮ್ ಎಂಬ ಹೆಸರಿನಲ್ಲಿ ತಂದಿತ್ತು. ಹೆಚ್ಚು ಮಾರಾಟವಾಗಲಿಲ್ಲ, ಇವತ್ತು ಕಾಣಸಿಗುವುದೂ ಅಪರೂಪ. ಅದನ್ನು ಕಟ್ಟಿದವರ ಧೈರ್ಯದ ಬಗ್ಗೆ ನನಗೆ ಬಹಳ ಗೌರವವಿದೆ.

ಕಾರು ಮನೆಗೆ ಬಂದ ಮೊದಲ ವಾರವೇ ಕೆಲವು ಕೆಲಸ ಮುಗಿಸಿಬಿಡಿ. ಎಂಜಿನ್ ಆಯಿಲ್, ಗೇರ್‌ಬಾಕ್ಸ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಬ್ರೇಕ್ ಮತ್ತು ಕ್ಲಚ್ ಎಣ್ಣೆ, ಕೂಲೆಂಟ್ ಎಲ್ಲವನ್ನೂ ಬದಲಿಸಿ. ಹಿಂದಿನವರು ಮಾಡಿದ್ದೇವೆ ಎಂದರೂ ಸರಿಯೇ. ಎನ್‌ಎ, ಎನ್‌ಬಿಗಳಲ್ಲಿ ಬ್ಯಾಟರಿ ಡಿಕ್ಕಿಯೊಳಗೆ ಇರುತ್ತದೆ, ಅದಕ್ಕೆ ಆಸಿಡ್ ಹಬೆ ಹೊರಗೆ ಹೋಗುವ ಅಥವಾ ಪೂರ್ತಿ ಮುಚ್ಚಿದ ಬಗೆಯದೇ ಹಾಕಬೇಕು. ಮಾಮೂಲು ಬ್ಯಾಟರಿ ಇಟ್ಟರೆ ಡಿಕ್ಕಿಯ ತಗಡನ್ನೇ ತಿನ್ನುತ್ತದೆ. ಬಾಗಿಲಿನ ಮತ್ತು ಟಾಪಿನ ರಬ್ಬರುಗಳಿಗೆಲ್ಲ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ನಾಲ್ಕೂ ಟೈರಿನ ತಾರೀಖು ನೋಡಿ, ಆರು ವರ್ಷ ದಾಟಿದ್ದರೆ ನಾಲ್ಕನ್ನೂ ಒಟ್ಟಿಗೆ ತೆಗೆಸಿ, ಚಕ್ರಗಳ ಅಲೈನ್‌ಮೆಂಟ್ ಮಾಡಿಸಿ. ಕಾರು ಬೇರೆಯದೇ ಆಗಿ ನಿಲ್ಲುತ್ತದೆ. ಮಳೆಗಾಲಕ್ಕೆ ಮುಂಚೆ, ಅಕ್ಟೋಬರಿನಲ್ಲಿ, ನೀರಿನ ಕೊಳವೆಗಳನ್ನು ಮೆತ್ತನೆಯ ನೈಲಾನ್ ದಾರದಿಂದ ತೆರವು ಮಾಡಿ. ತಂತಿ ತುರುಕಬೇಡಿ, ಕೊಳವೆ ಕಳಚಿಕೊಂಡರೆ ನೀರೆಲ್ಲ ಒಳಗೇ ಬರುತ್ತದೆ.